ಅಂಗಳದ ಎಂಟು ಕುಳಿ

ನಮ್ಮ ಅಂಗಳದ ನಡುವೆ ಎಂಟು ಕುಳಿಗಳಿವೆ. ಹೊಸದಾಗಿ ಬಂದವರಿಗೆ ಕಾಣುವುದಿಲ್ಲ. ಒಂದೊಂದರ ಬಾಯಿಗೂ ಚಪ್ಪಟೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಸಗಣಿ ಸಾರಿಸಿದ್ದೇವೆ. ಅಂಗಳದ ಅಂಚಿಗೆ ಸುತ್ತಲೂ 16 ಕಲ್ಲುಕಂಬಗಳು ನಿಂತಿವೆ, ಗಳು ಕೂರಲೆಂದು ನೆತ್ತಿಯಲ್ಲಿ ಕಚ್ಚು ಕಡಿದವು. ಕಂಬದಿಂದ ಕಂಬಕ್ಕೆ 8 ಅಡಿ, ಕಂಬದಿಂದ ಕುಳಿಗೂ 8 ಅಡಿ. ಒಟ್ಟು 40 ಅಡಿ ಉದ್ದ, 24 ಅಡಿ ಅಗಲ. 1981ರ ಏಪ್ರಿಲ್‌ನಲ್ಲಿ ಹರಿಹರಪುರದ ಕಡೆಯ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಮೊದಲು ಕಾಲಿಟ್ಟದ್ದು ಮನೆಯ ಮಾಡಿನ ಕೆಳಗಲ್ಲ, ಆ 24 ಆಸರೆಗಳ ಮೇಲೆ ನಿಂತಿದ್ದ ಅಡಿಕೆ ಚಪ್ಪರದ ನೆರಳಿಗೆ.

ಹೋದ ಸಂಕ್ರಾಂತಿಗೆ ಮಗಳು, ಅಳಿಯ, ಮಕ್ಕಳು ಬೆಂಗಳೂರಿನಿಂದ ಬಂದರು. ಕಾರಿನಿಂದ ಇಳಿದ ಸಾಮಾನಿನಲ್ಲಿ ಒಂದು ಉದ್ದನೆಯ ಚೀಲವಿತ್ತು. ಅದರೊಳಗೆ ನಾಲ್ಕು ಜನ ಮಲಗುವ ಹೊಸ ಟೆಂಟು. ಬೇಸಿಗೆ ರಜೆಯಲ್ಲಿ ಹೊಳೆಯ ದಂಡೆಯಲ್ಲಿ ಹಾಕುವುದಂತೆ. ಅದಕ್ಕೂ ಮೊದಲು ನಮ್ಮ ಅಂಗಳದಲ್ಲಿ ಹಾಕಿ ಕಲಿಯೋಣ ಎಂದು ತಂದಿದ್ದರು. ಅಳಿಯ ಬಟ್ಟೆ ಹಾಸಿ, ಒಂದು ಮೂಲೆಯ ಕುಣಿಕೆಗೆ ತೆಳ್ಳನೆಯ ಉಕ್ಕಿನ ಗೂಟ ಇಟ್ಟು ಹೊಡೆದರು. ಗೂಟ ಬಾಗಿತು. ಇನ್ನೊಂದು ಮೂಲೆಯದೂ ಬಾಗಿತು. ಎಷ್ಟೋ ವರ್ಷ ಪೆಟ್ಟುಮಣೆಯಲ್ಲಿ ಬಡಿಸಿಕೊಂಡ ಅಂಗಳ ಅದು. ನಾನು ಕೊಟ್ಟಿಗೆಯಿಂದ ಹಾರೆ ತಂದು ಒಂದು ಕುಳಿಯ ಕಲ್ಲನ್ನು ಮೀಟಿದೆ. ಮೊಮ್ಮಗಳು ಬಗ್ಗಿ ನೋಡಿ, "ಅಮ್ಮಮ್ಮ, ಇದ್ಯಾಕೆ ಇಲ್ಲಿದೆ?" ಅಂದಳು. "ಚಪ್ಪರದ್ದು ಮಗಾ" ಅಂದೆ. ಅವಳು ಹುಟ್ಟಿದ ಮೇಲೆ ಈ ಮನೆಯಲ್ಲಿ ಚಪ್ಪರ ಎದ್ದಿಲ್ಲ. ಅವತ್ತು ಕೊಡದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೆಂಪಡಿಕೆಯ ಸೀಮೆ. ಘಟ್ಟದ ಕೆಳಗಿನವರು ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡುತ್ತಾರೆ. ಅವರಿಗೆ ನೆಲದ ಅಂಗಳ ಸಾಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಾವು ಹಸಿಗಾಯಿ ಕೊಯ್ದು, ಮೆಟ್ಟುಗತ್ತಿಯಲ್ಲಿ ಸುಲಿದು, ತಾಮ್ರದ ಹಂಡೆಯಲ್ಲಿ ಹಿಂದೆ ಬೇಯಿಸಿದಾಗ ಉಳಿದ ಚೊಗರು ಹಾಕಿ ಬೇಯಿಸಿ, ಆಮೇಲೆ ಬಿಸಿಲು ತೋರಿಸಬೇಕು. ಒಂದು ವಾರವಾದರೂ ಒಳ್ಳೆಯ ಬಿಸಿಲು ಬೇಕು. ನಾಲ್ಕೂ ಕಡೆ ತೋಟ, ಗುಡ್ಡ, ಕಾಡು ಇರುವ ಮನೆಗಳಿಗೆ ನೆಲದ ಮೇಲೆ ಬಿಸಿಲು ಬೀಳುವುದೇ ತಡ, ಹೋಗುವುದೇ ಬೇಗ. ಆಳೆತ್ತರಕ್ಕಿಂತ ಮೇಲೆ ಅಡಿಕೆ ಹರಡಿದರೆ ಬೆಳಿಗ್ಗೆ ಒಂದು ಗಳಿಗೆ, ಸಂಜೆ ಒಂದು ಗಳಿಗೆ ಬಿಸಿಲು ಹೆಚ್ಚು ಸಿಗುತ್ತದೆ. ತಟ್ಟಿಯ ಸಂದಿಯಿಂದ ಗಾಳಿ ಕೆಳಗಿನಿಂದಲೂ ಆಡುತ್ತದೆ. ಕೋಳಿ, ನಾಯಿ, ಧೂಳು ಯಾವುದೂ ಮುಟ್ಟುವುದಿಲ್ಲ. ಕೆಳಗೆ ಉಳಿದ ನೆರಳಿನಲ್ಲಿ ಸುಲಿಯುವವರು ಕೂರಬಹುದು. ಅಡಿಕೆಯ ಬಣ್ಣವೆಲ್ಲ ಈ ಒಂದು ವಾರದಲ್ಲಿ ತೀರ್ಮಾನವಾಗುತ್ತಿತ್ತು. ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸ್‌ನ ಮಂಡಿಗೆ ಮೂಟೆ ಹೋಗಿ, ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಯಾಗಿ ದರ ಕಟ್ಟುವ ಹೊತ್ತಿಗೆ ಚಪ್ಪರದ ಮೇಲೆ ಒಂದು ರಾತ್ರಿ ಇಬ್ಬನಿ ಕುಡಿದ ಅಡಿಕೆ ತನ್ನ ಕಥೆ ತಾನೇ ಹೇಳುತ್ತಿತ್ತು.

ಚಪ್ಪರ ಹಾಕುವ ದಿನ ಪಂಚಾಂಗದಲ್ಲಿ ಇರುತ್ತಿರಲಿಲ್ಲ. ಮಾವಯ್ಯ ನವರಾತ್ರಿ ಕಳೆದ ಮೇಲೆ ದಿನಾ ಬೆಳಿಗ್ಗೆ ಆಕಾಶ ನೋಡುತ್ತಿದ್ದರು. ಚಿತ್ತೆ ಮಳೆ ಮುಗಿದು, ಸ್ವಾತಿಯೂ ಕಾಲು ತೆಗೆಯುವ ಸೂಚನೆ ಕಂಡರೆ ಅಂಗಳದ ಕೆಲಸ ಶುರು. ಮಳೆಗಾಲದಲ್ಲಿ ಜಾರಬಾರದೆಂದು ಹಾಸಿದ್ದ ಅಡಿಕೆ ಸೋಗೆಯನ್ನು ಎಳೆದು ಗೊಬ್ಬರದ ಗುಂಡಿಗೆ ಹಾಕುವುದು, ಪಾಚಿ ಹೆರೆಯುವುದು, ತಗ್ಗಿಗೆ ಮಣ್ಣು ತುಂಬಿ ಬಡಿಯುವುದು, ಕೊನೆಗೆ ಸಗಣಿ. ಇದು ಹೆಂಗಸರ ಪಾಲು. ಅಂಗಳ ಒಣಗುವಷ್ಟರಲ್ಲಿ ಗಂಡಸರು ಕೊಟ್ಟಿಗೆಯ ಅಟ್ಟದಿಂದ ಹಳೆಯ ಸಾಮಾನು ಇಳಿಸುತ್ತಿದ್ದರು: ಹಲಸು, ನಂದಿಯ ಕವೆಗಂಬಗಳು, ಬಿದಿರಿನ ಗಳು, ಸೀಳಿದ ಅಡಿಕೆ ದಬ್ಬೆ, ಮೇದರು ಹೆಣೆದ ತಟ್ಟಿ. ಹಳೆಯ ದಬ್ಬೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ ನೋಡುವುದು, ಚಟ್ ಎಂದರೆ ಒಲೆಗೆ. ಹೊಸ ದಬ್ಬೆಗೆ ತೋಟದಲ್ಲಿ ಸುಳಿ ಸತ್ತು ನಿಂತ ಮರವಿದ್ದರೆ ಅದನ್ನು ಕಡಿಯುತ್ತಿದ್ದರು. ಫಲ ಕೊಡುವ ಮರಕ್ಕೆ ಕೊಡಲಿ ಹಾಕಿದ್ದನ್ನು ನಾನು ನೋಡಿಲ್ಲ.

ಎತ್ತುವ ದಿನ ಮುಯ್ಯಾಳು. ನಮ್ಮ ಮನೆಗೆ ಇವತ್ತು ಆರು ಮನೆಯವರು, ನಾಳೆ ಪಕ್ಕದ ಮನೆಗೆ ನಮ್ಮವರು. ಕೂಲಿಯ ಮಾತಿಲ್ಲ, ಬೆಳಿಗ್ಗೆ ಕಡುಬು, ಮಧ್ಯಾಹ್ನ ಪಾಯಸದ ಊಟ. ಮೊದಲು ನಾಲ್ಕು ಮೂಲೆಯ ಕಂಬಗಳ ನಡುವೆ ಹಗ್ಗ ಹಿಡಿಯುತ್ತಿದ್ದರು. ಈ ಮೂಲೆಯಿಂದ ಎದುರು ಮೂಲೆಗೆ ಒಂದು ಸಲ, ಉಳಿದೆರಡು ಮೂಲೆಗಳಿಗೆ ಇನ್ನೊಂದು ಸಲ. ಕಲ್ಲುಕಂಬ ವರ್ಷಕ್ಕಿಷ್ಟು ವಾಲಿರುತ್ತದೆ, ಎರಡು ಹಗ್ಗ ಸಮ ಬರದಿದ್ದರೆ ಯಾವುದೋ ಕಂಬಕ್ಕೆ ಬೆಣೆ ಕೊಡಬೇಕು ಎಂದು ಅರ್ಥ. ಆಮೇಲೆ ಎಂಟು ಕುಳಿಗಳಿಗೆ ಕವೆಗಂಬ. ಕಂಬ ಇಳಿಸಿ ಬರೀ ಮಣ್ಣು ತುಂಬಿದರೆ ನಿಲ್ಲುವುದಿಲ್ಲ. ಮುಷ್ಟಿಗಾತ್ರದ ಕಲ್ಲು ಸುತ್ತ ಬಿಗಿದು, ಮೇಲೆ ಮಣ್ಣು ಹಾಕಿ, ಹಾರೆಯ ಹಿಂಬದಿಯಿಂದ ಕುಟ್ಟಬೇಕು. ಉದ್ದದ ಗಳು ಮೊದಲು, ಅಡ್ಡದ ಗಳು ಅದರ ಮೇಲೆ, ದಬ್ಬೆ ಗೇಣಿಗೊಂದರಂತೆ, ಕೊನೆಗೆ ತಟ್ಟಿ. ಕಟ್ಟುವುದಕ್ಕೆ ಅಜ್ಜಯ್ಯನ ಕಾಲದಲ್ಲಿ ಕಾಡುಬಳ್ಳಿ. ನಾನು ಬಂದ ಹೊತ್ತಿಗೆ ತೆಂಗಿನ ನಾರಿನ ಹುರಿ.

ಗಂಟು ಹಾಕುವುದನ್ನು ನನಗೆ ಕಲಿಸಿದವರು ಮಾವಯ್ಯ. ಹೆಂಗಸರು ಚಪ್ಪರ ಏರಿ ಕಟ್ಟುವ ರೂಢಿ ಇರಲಿಲ್ಲ. ಒಂದು ವರ್ಷ ಮನೆಯವರ ಕೈಗೆ ಕತ್ತಿಯ ಏಟು ಬಿದ್ದು, ಆಳೂ ಸಿಗದೆ, ನಾನೇ ಏಣಿ ಹತ್ತಿದೆ. ನಾನು ಸೀರೆಗಂಟಿನ ಹಾಗೆ ಎರಡು ಸುತ್ತು ಬಿಗಿದದ್ದನ್ನು ನೋಡಿ ಮಾವಯ್ಯ ಕೆಳಗಿನಿಂದ, "ಹಾಗಲ್ಲ ಮಗಳೇ, ಮೊದಲ ಮಳೆ ಬಂದ ದಿನ ಅದನ್ನು ಬಿಚ್ಚುವವಳೂ ನೀನೇ ಅಂತ ನೆನೆಸಿಕೊಂಡು ಕಟ್ಟು" ಅಂದರು. ಆಮೇಲೆ ಏಣಿ ಹತ್ತಿ ಬಂದು ತೋರಿಸಿದರು. ಹುರಿಯನ್ನು ಗಳುವಿಗೆ ಓರೆಯಾಗಿ ಮೂರು ಸುತ್ತು, ಎದುರು ಓರೆಗೆ ಮೂರು ಸುತ್ತು, ಎರಡು ಮರದ ನಡುವೆ ಹಾಯಿಸಿ ಕತ್ತು ಹಿಸುಕಿದ ಹಾಗೆ ಎರಡು ಸುತ್ತು, ಕೊನೆಯಲ್ಲಿ ಜೀರುಕುಣಿಕೆ. ಸುಗ್ಗಿಯುದ್ದಕ್ಕೂ ಅಡಿಕೆಯ ಭಾರ ಹೊತ್ತು ಹುರಿ ಬಿಗಿಯುತ್ತಲೇ ಹೋಗುತ್ತದೆ. ಆದರೆ ಬಾಲ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಟ್ಟುಕೊಳ್ಳುತ್ತದೆ. ರೋಹಿಣಿ ಮಳೆಗೆ ಮೋಡ ಕಟ್ಟಿ, ಸಂಜೆಯೊಳಗೆ ಅಷ್ಟೂ ತಟ್ಟಿ ಒಳಗೆ ಹೋಗಬೇಕಾದ ದಿನ ಆ ಬಾಲದ ಬೆಲೆ ಗೊತ್ತಾಗುತ್ತಿತ್ತು. ಕತ್ತಿಯಿಂದ ಹುರಿ ಕೊಯ್ದರೆ ಮಾವಯ್ಯನಿಗೆ ನಿಜವಾಗಿಯೂ ನೋವಾಗುತ್ತಿತ್ತು, ಮುಂದಿನ ವರ್ಷದ ಹುರಿ ಅದು.

ನನ್ನ ತವರು ಶೃಂಗೇರಿ ತಾಲ್ಲೂಕಿನ ಕಿಗ್ಗದ ಹತ್ತಿರ. ಅಂಗದೇಶಕ್ಕೆ ಮಳೆ ತಂದ ಋಷ್ಯಶೃಂಗನ ದೇವಸ್ಥಾನ ಇರುವ ಊರು ಅದು. ಮಳೆ ಬಾರದಿದ್ದರೆ ಬರಲಿ ಎಂದೂ, ಮಿತಿ ಮೀರಿದರೆ ನಿಲ್ಲಲಿ ಎಂದೂ ಅಲ್ಲಿಗೆ ದೂರದೂರದವರು ಪೂಜೆ ಕೊಡುತ್ತಾರೆ. ನನ್ನ ಅಪ್ಪಯ್ಯನ ಹರಕೆ ಯಾವಾಗಲೂ ಎರಡನೆಯ ಬಗೆಯದು. ಚಪ್ಪರದ ತುಂಬ ಬೇಯಿಸಿದ ಅಡಿಕೆ ಇರುವಾಗ ಕಾರ್ತಿಕದಲ್ಲಿ ಅಕಾಲ ಮಳೆ ಗುಡುಗಿದರೆ ಮನೆಮಂದಿಯೆಲ್ಲ ಮೇಲೇರಿ ಅಡಿಕೆಯನ್ನು ರಾಶಿ ಮಾಡಿ, ಕಂಬಳಿ, ಚಾಪೆ, ಸೋಗೆಯ ತಡಿಕೆ ಸಿಕ್ಕಿದ್ದನ್ನೆಲ್ಲ ಹೊದಿಸುತ್ತಿದ್ದೆವು. ರಾತ್ರಿ ಕಾವಲಿಗೆ ಅಪ್ಪಯ್ಯ ಚಪ್ಪರದ ಮೇಲೆಯೇ ಮಲಗುತ್ತಿದ್ದರು. ಎರಡು ತಟ್ಟಿಗಳನ್ನು ಒಂದಕ್ಕೊಂದು ಒರಗಿಸಿ, ನೆತ್ತಿಗೆ ಬಳ್ಳಿ ಬಿಗಿದು, ಮೇಲೆ ಕಂಬಳಿ ಹೊದಿಸಿದರೆ ಒಂದೂವರೆ ಜನ ಮಲಗುವ ಗೂಡು. ಆ ಅರೆ ನಾನು. ಜಗತ್ತಿನಲ್ಲಿ ಟೆಂಟ್ ಎಂಬ ವಸ್ತು ಇದೆ ಎಂದು ತಿಳಿಯುವ ಮೊದಲೇ ನಾನು ಅದರೊಳಗೆ ಮಲಗಿದ್ದೆ.

ನಿಜವಾದ ಡೇರೆಯನ್ನು ನೋಡಿದ್ದು ಶೃಂಗೇರಿಯ ಬಯಲಿನಲ್ಲಿ, 1970ರ ಆಸುಪಾಸು, ಘಟ್ಟದ ಕೆಳಗಿನ ಯಕ್ಷಗಾನ ಮೇಳ ಬಂದಾಗ. ಅಲ್ಲಿಯವರೆಗೆ ಬಯಲಾಟ ಎಂದರೆ ಗದ್ದೆ, ಆಕಾಶ. ಯಕ್ಷಗಾನವನ್ನು ಟೆಂಟಿನೊಳಗೆ ತಂದು ಟಿಕೆಟ್ ಇಟ್ಟವರಲ್ಲಿ ಮೊದಲಿಗರೆಂದು ಕಲ್ಲಾಡಿ ಕೊರಗ ಶೆಟ್ಟರ ಹೆಸರು ಹೇಳುತ್ತಾರೆ. ಮೇಳದ ಕೆಲಸದವರು ಬಿಸಿಲಲ್ಲಿ ಹಡಗಿನ ಹಾಯಿಯಂಥ ಬಟ್ಟೆ ಬಿಚ್ಚಿ, ನಡುಗಂಬ ನಿಲ್ಲಿಸಿ, ಸುತ್ತ ಗೂಟ ಹೊಡೆಯುತ್ತಿದ್ದರು. ಗೂಟದ ತಲೆ ಟೆಂಟಿಗೆ ಬೆನ್ನು ಮಾಡಿ ಹೊರಗೆ ವಾಲಿರಬೇಕು, ಒಳಗೆ ವಾಲಿದರೆ ಹಗ್ಗದ ಎಳೆತಕ್ಕೆ ಕಿತ್ತು ಬರುತ್ತದೆ ಎಂದು ಅವರಲ್ಲೊಬ್ಬರು ನಿಂತು ನೋಡುತ್ತಿದ್ದ ನಮಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಬೆಳಗಾಗುವಷ್ಟರಲ್ಲಿ ಬಯಲು ಖಾಲಿ. ಆ ಮೇಳಗಳೂ ನಮ್ಮ ಚಪ್ಪರದ ಹಾಗೇ ಮಳೆಗೆ ಹೆದರಿದವು. ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ ಬಂತೆಂದರೆ ಗೆಜ್ಜೆ ಬಿಚ್ಚಿ ಊರು ಸೇರುತ್ತಿದ್ದವು.

ಡೇರೆ ಎಂಬ ಮಾತು ಹಿಂದುಸ್ತಾನಿಯಿಂದ ಬಂದದ್ದು. ಹಳೆಯ ಕಾವ್ಯಗಳ ಪಾಳೆಯದಲ್ಲಿ ಗುಡಾರ ಇದೆ. ಮಲೆನಾಡಿನ ಬಾಯಲ್ಲಿ ನಿತ್ಯ ಓಡಾಡುವುದು ಬಿಡಾರ. ಬಿಡು ಎಂಬುದರಿಂದಲೇ ಬಂದ ಮಾತು, ನಡೆದು ದಣಿದವರು ಹೊರೆ ಬಿಟ್ಟ ಜಾಗ. ಅಡಿಕೆ ಕೊಯ್ಲಿಗೆ ಘಟ್ಟ ಹತ್ತಿ ಬರುತ್ತಿದ್ದ ಆಳುಗಳ ಗುಡಿಸಲಿಗೆ ಬಿಡಾರ ಎನ್ನುತ್ತಿದ್ದೆವು. ನಮ್ಮ ತಾಲ್ಲೂಕಿನ ಹೆಸರಾದ ಕೊಪ್ಪ ಎಂದರೂ ಕೆಲವೇ ಮನೆಗಳ ಪುಟ್ಟ ನೆಲೆ ಎಂದೇ ಅರ್ಥ. ಗದ್ದೆಗೆ ಹೋಗುವಾಗ ಕಂಬಳಿಯನ್ನು ಮಡಿಸಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಅದು ಕೊಪ್ಪೆ. ನೆಟ್ಟಿ ಮಾಡುವ ಹೆಂಗಸರ ಬೆನ್ನ ಮೇಲೆ ಮಳೆ ತಡೆಯುವ ಗೊರಬು. ಬಗ್ಗಿ ನಿಂತವರ ಸಾಲು ದೂರದಿಂದ ನಡೆಯುವ ಗುಡಾರಗಳ ಸಾಲಿನಂತೆ ಕಾಣುತ್ತಿತ್ತು.

ಇಷ್ಟು ಮಳೆಯ ನಾಡಿನಲ್ಲಿ ಮನುಷ್ಯರಿಗೊಂದೇ ಅಲ್ಲ, ಅಡಿಕೆ ಗೊನೆಗೂ ಮಾಡು ಕಟ್ಟುತ್ತಿದ್ದರು. ಕೊಟ್ಟೆ ಕಟ್ಟುವುದು ಎಂದು ಅದಕ್ಕೆ ಹೆಸರು. ಮುಂಗಾರಿಗೆ ಮೊದಲು ಕೊನೆಗಾರ ಮರ ಏರಿ, ಒಂದೊಂದು ಗೊನೆಗೂ ಹಾಳೆಯದೋ ಕರಡದ್ದೋ ಒಂದು ಮುಸುಕು ತೊಡಿಸಿ ಬಿಗಿಯುತ್ತಿದ್ದ. ಕೊಳೆರೋಗ ಬಾರದಿರಲಿ ಎಂದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, ಅದು ಶಿಲೀಂಧ್ರದ ಕೆಲಸ ಎಂದು ತೋರಿಸಿ, 1910ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ತೋಟಕ್ಕೆ ಬಂದದ್ದು ಆ ದಾರಿಯಲ್ಲಿ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ನಮ್ಮಲ್ಲಿ ಓದು ಬಾರದವರಿಗೂ ಬಾಯಿಪಾಠ. ಔಷಧಿ ಬಂದ ಮೇಲೆ ಕೊಟ್ಟೆ ಹಿಂದೆ ಸರಿಯಿತು. ಈಚೆಗೆ ಪ್ಲಾಸ್ಟಿಕ್ ಕೊಟ್ಟೆಯಾಗಿ ಕೆಲವು ತೋಟಗಳಿಗೆ ಮರಳಿದೆ.

ಚಪ್ಪರವೇ ಮನೆಯಾದದ್ದನ್ನು ಹೇಳಿದವರು ಮಗಳ ಅತ್ತೆ. ಅವರ ಕಡೆಯವರದು ನರಸಿಂಹರಾಜಪುರ ತಾಲ್ಲೂಕು. ಆ ಊರು ಮೊದಲು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಭೇಟಿ ಕೊಟ್ಟ ನೆನಪಿಗೆ ಹೆಸರು ಬದಲಾಯಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಶುರುವಾಗಿ, ಮುಂದಿನ ವರ್ಷಗಳಲ್ಲಿ ಹಿನ್ನೀರು ಆ ತಾಲ್ಲೂಕಿನ ಹಳ್ಳಿಗಳಿಗೆ ಏರಿತು. ನಮ್ಮ ಬೀಗಿತಿ ಆಗ ಸಣ್ಣ ಹುಡುಗಿ. ಮುಳುಗಡೆಯ ನೋಟಿಸು ಬಂದ ಮೇಲೆ ಅವರ ಅಪ್ಪಯ್ಯ ಮನೆಯ ತೊಲೆ, ಬಾಗಿಲು, ಹೆಂಚು ಇಳಿಸಿ ಗಾಡಿಗೆ ಹಾಕಿದರಂತೆ. ಎಲ್ಲಕ್ಕಿಂತ ಮೊದಲ ಗಾಡಿಯಲ್ಲಿ ಹೋದದ್ದು ಚಪ್ಪರದ ಸಾಮಾನು. ಹೊಸ ಜಾಗದಲ್ಲಿ ಗೋಡೆ ಏಳುವವರೆಗೆ, ಒಂದು ಪೂರ್ತಿ ಬೇಸಿಗೆ, ಆ ಗಳು, ದಬ್ಬೆ, ತಟ್ಟಿಯ ಕೆಳಗೆ ಒಂಬತ್ತು ಜನ, ಎರಡು ಹಸು. ದೇವರ ಪೆಟ್ಟಿಗೆಗೆ ಮೂಡಣ ಮೂಲೆ, ಬಾಣಂತಿಗೆ ಸೀರೆ ಕಟ್ಟಿದ ಮರೆ. ಒಣಗಿಸಲು ಅಡಿಕೆ ಇರಲಿಲ್ಲ, ತೋಟ ನೀರಿನಡಿಗೆ ಹೋಗಿತ್ತು. "ಮೇಲೆ ಬರೀ ಸೋಗೆ ಹೊದಿಸಿದ ಚಪ್ಪರ ನೋಡಿದಾಗಲೆಲ್ಲ ಅಪ್ಪಯ್ಯ ಮುಖ ಆಚೆ ತಿರುಗಿಸ್ತಿದ್ರು" ಎಂದು ಅವರು ನನಗೆ ಹೇಳಿದ್ದು ಒಂದೇ ಸಲ. ಎರಡನೆಯ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಪ್ಪರ ಹೋದದ್ದು ಒಂದೇ ವರ್ಷದಲ್ಲಲ್ಲ. ಮೊದಲು ಮದುವೆ ಅದರ ಕೆಳಗಿನಿಂದ ಎದ್ದು ಹೋಯಿತು. ನನ್ನ ಮದುವೆ ತವರಿನ ಅಡಿಕೆ ಚಪ್ಪರದಲ್ಲೇ ಆಯಿತು. ಸುಗ್ಗಿ ಮುಗಿದ ಚಪ್ಪರಕ್ಕೆ ಮಾವಿನ ತೋರಣ, ಬಾಳೆಕಂಬ ಕಟ್ಟಿದರೆ ವೈಶಾಖದ ಲಗ್ನಕ್ಕೆ ಬೇರೆ ಏನೂ ಬೇಡವಾಗಿತ್ತು. ಆಮೇಲೆ ಪೇಟೆಯಿಂದ ಬಾಡಿಗೆ ಶಾಮಿಯಾನ ಬಂತು, ಅದರ ಹಿಂದೆಯೇ ಕಲ್ಯಾಣ ಮಂಟಪ. ಬಿದಿರು ಹೂಬಿಟ್ಟು ಸತ್ತ ವರ್ಷಗಳಲ್ಲಿ ಗಳು ಸಿಗಲಿಲ್ಲ, ಜನ ಕಬ್ಬಿಣದ ಪೈಪು ನೆಟ್ಟರು. ಸುಲಿಯುವ ಯಂತ್ರ ಬಂದು, ಲಾಟೀನಿನ ಸುತ್ತ ಕೂತು ಡಬ್ಬದ ಲೆಕ್ಕದಲ್ಲಿ ಸುಲಿಯುತ್ತ ತಾಳಮದ್ದಲೆಯ ಮಾತು ಆಡುತ್ತಿದ್ದ ರಾತ್ರಿಗಳು ಮುಗಿದವು. ಆಳು ಸಿಗದವರು ತೋಟವನ್ನು ಚೇಣಿಗೆ ಕೊಟ್ಟರು. ಚೇಣಿದಾರ ಹಸಿಗೊನೆಯನ್ನು ಲಾರಿಗೆ ತುಂಬಿ ತನ್ನ ಜಾಗಕ್ಕೆ ಒಯ್ಯುತ್ತಾನೆ, ಬೆಳೆದವರ ಅಂಗಳದಲ್ಲಿ ಒಂದು ಹಿಡಿ ಅಡಿಕೆಯೂ ಒಣಗುವುದಿಲ್ಲ.

ಇವೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ಹಳದಿ ಎಲೆ ರೋಗವನ್ನು ತಡೆದುಕೊಳ್ಳಲು ಆಗಲಿಲ್ಲ. ಕೇರಳದಲ್ಲಿ 1914ರಲ್ಲೇ ಕಂಡ ಈ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ಒಳಗೊಳಗೇ ತಿಂದಿದೆ. ಸೋಗೆಯ ತುದಿ ಹಳದಿಯಾಗುತ್ತದೆ, ಬೇರಿನ ತುದಿ ಕೊಳೆಯುತ್ತದೆ, ಅಡಿಕೆಯ ಒಳತಿರುಳು ಕಪ್ಪಗೆ ಮೆತ್ತಗಾಗುತ್ತದೆ, ವರ್ಷದಿಂದ ವರ್ಷಕ್ಕೆ ಮರದ ತಲೆ ಕುಗ್ಗುತ್ತದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ, ಗುಣಪಡಿಸುವ ಔಷಧಿ ಸಿಕ್ಕಿಲ್ಲ. ತವರಿನಲ್ಲಿ ಕೊಯ್ಲಿಗೆ ಮೂರು ವಾರ ಬೇಕಾಗಿದ್ದ ತೋಟ ಎರಡು ದಿನಕ್ಕೆ ಇಳಿಯಿತು. ನಮ್ಮಲ್ಲಿ ಅಷ್ಟು ಕೆಟ್ಟಿಲ್ಲ. ಆದರೂ ಸಿಗುವ ಅಡಿಕೆಗೆ ಮನೆಯ ಹಿಂದಿನ ಶೀಟಿನ ಮಾಡು ಸಾಕು. ಮಾವಯ್ಯ ಹೋದ ಮಾರನೆಯ ವರ್ಷ ನಾವು ಕವೆಗಂಬಗಳನ್ನು ಅಟ್ಟದಿಂದ ಇಳಿಸಲಿಲ್ಲ. ಕುಳಿಗಳಿಗೆ ಕಲ್ಲು ಮುಚ್ಚಿದ್ದು ನಾನೇ. ಮಣ್ಣು ತುಂಬಿ ಮುಚ್ಚಿಬಿಡಿ ಎಂದವರಿದ್ದರು, ಕೈ ಬರಲಿಲ್ಲ.

ಸಂಕ್ರಾಂತಿಗೆ ಬಂದ ಆ ಟೆಂಟಿನ ತಳ 8 ಅಡಿ ಉದ್ದ, 7 ಅಡಿ ಅಗಲ. ಎರಡು ಮೂಲೆಗಳು ಎರಡು ಕುಳಿಗಳಿಗೆ ಸರಿಯಾಗಿ ಕೂತವು. ಕುಳಿಗೆ ದಬ್ಬೆಯ ಗೂಟ ಇಳಿಸಿ, ಹೊರಗೆ ವಾಲಿಸಿ, ಮುಷ್ಟಿಗಾತ್ರದ ಕಲ್ಲು ಬಿಗಿದೆವು. ಇನ್ನೆರಡು ಮೂಲೆಗಳಿಗೆ ಆಚೆಯ ಕುಳಿಗಳಿಂದ ಹಗ್ಗ. ಮೂಡಗಾಳಿಯ ಕಾಲವಾದ್ದರಿಂದ ಬಾಗಿಲನ್ನು ಪಡುವಣಕ್ಕೆ ತಿರುಗಿಸಲು ಹೇಳಿದೆ. ಅಳಿಯ ತುಂಡು ತುಂಡಾಗಿ ಮಡಿಚಿದ ಕಡ್ಡಿಗಳನ್ನು ಜೋಡಿಸಿ, ಬಟ್ಟೆಯ ಕೊಳವೆಯಲ್ಲಿ ತೂರಿಸಿ, ಎರಡನ್ನೂ ನೆತ್ತಿಯಲ್ಲಿ ಅಡ್ಡಡ್ಡ ಹಾಯುವಂತೆ ಬಗ್ಗಿಸಿದರು. ಒಬ್ಬರು ಒಂದು ತುದಿ ಹಿಡಿದರೆ ಇನ್ನೊಬ್ಬರು ಎದುರಿನಿಂದ ನೂಕಬೇಕು, ಎಳೆದರೆ ಕಡ್ಡಿ ಒಳಗೇ ಕಳಚಿಕೊಳ್ಳುತ್ತದೆ. ಟೆಂಟು ಎದ್ದಿತು, ಆದರೆ ಬಾಗಿಲ ಜಿಪ್ ಅರ್ಧಕ್ಕೆ ನಿಂತಿತು. ಎಲ್ಲರೂ ಜಿಪ್ಪನ್ನೇ ಎಳೆಯುತ್ತಿದ್ದರು. ನಾನು ಮೊಮ್ಮಗಳ ಕೈಗೆ ಹುರಿಯ ಒಂದು ತುದಿ ಕೊಟ್ಟು ಮೂಲೆಯಿಂದ ಮೂಲೆಗೆ ಅಳೆಸಿದೆ. ಒಂದು ಓರೆ ಇನ್ನೊಂದಕ್ಕಿಂತ ಒಂದು ಗೇಣು ಹೆಚ್ಚಿತ್ತು. ಒಂದು ಹಗ್ಗ ಸಡಿಲಿಸಿ, ಎದುರಿನದನ್ನು ಬಿಗಿದಾಗ ಜಿಪ್ ಸರಾಗ ಮುಚ್ಚಿತು.

ಮೇಲಿನ ಹೊದಿಕೆಯ ಹಗ್ಗಗಳನ್ನು ಕಲ್ಲುಕಂಬಗಳಿಗೆ ಕಟ್ಟಿದೆ. ಕೊನೆಯಲ್ಲಿ ಜೀರುಕುಣಿಕೆ. ಮೊಮ್ಮಗಳು ಬಾಲ ಹಿಡಿದು ಎಳೆದಳು, ಬಿಚ್ಚಿಕೊಂಡಿತು. ಹಗ್ಗವನ್ನು ನನ್ನ ಕೈಗೇ ಕೊಟ್ಟು, "ಇನ್ನೊಂದು ಸಲ, ನಿಧಾನ" ಅಂದಳು. ಐದನೆಯ ಸಲಕ್ಕೆ ಅವಳೇ ಹಾಕಿದಳು.

ರಾತ್ರಿ ಮಕ್ಕಳಿಬ್ಬರ ನಡುವೆ ನಾನೂ ಮಲಗಿದೆ. ಬೆಳಗಿನ ಜಾವ ಹೊದಿಕೆಯ ಮೇಲೆ ಇಬ್ಬನಿ ತೊಟ್ಟಿಕ್ಕುವ ಸದ್ದಿಗೆ ಎಚ್ಚರವಾಯಿತು. ಜಿಪ್ ತೆರೆದು, ಅಂಗಳಕ್ಕೆ ಬಂದು, ಬರಿಗಾಲಲ್ಲಿ ಏಣಿ ಇಡುತ್ತಿದ್ದ ಮೂಲೆಯವರೆಗೆ ನಡೆದೆ. ಅಡಿಕೆಗೆ ಕಂಬಳಿ ಹೊದಿಸಿದ್ದೇವೋ ಇಲ್ಲವೋ ಎಂದು ನೋಡಲು ಕತ್ತು ಎತ್ತಿದೆ. ಕಲ್ಲುಕಂಬಗಳ ಮೇಲೆ ನಕ್ಷತ್ರ ಇದ್ದವು.